ಹೆರಿಗೆಗೂ ಸಾವಿಗೂ ಬಾಗಿಲು ತೆರೆಯದ ವೈದ್ಯದೇವತೆ

ಜಗತ್ತಿನ ಪುರಾಣಗಳಲ್ಲಿ ಬರುವ ಆರೋಗ್ಯ ದೇವತೆಗಳ ಬಗ್ಗೆ ಬರೆಯುವವರಿಗೆ ಒಂದು ಸುಲಭದ ದಾರಿ ಸಿಕ್ಕಿಬಿಟ್ಟಿದೆ. ಈಜಿಪ್ಟಿನವರಿಗೆ ಸೆಖ್ಮೆತ್, ಬ್ಯಾಬಿಲೋನಿನವರಿಗೆ ಗುಲಾ, ಗ್ರೀಕರಿಗೆ ಅಸ್ಕ್ಲೀಪಿಯಸ್, ನಮ್ಮಲ್ಲಿ ಧನ್ವಂತರಿ ಎಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸುವುದು, ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಖಾತೆ ಬರೆಯುವುದು. ಓದಿದರೆ ಮಂತ್ರಿಮಂಡಲ ರಚನೆಯಾದ ಮರುದಿನದ ಪತ್ರಿಕೆ ಓದಿದಂತಾಗುತ್ತದೆ. ಕೋವಿಡ್ ಬಂದ 2020ರ ನಂತರ ಇಂಥ ಬರಹಗಳನ್ನು ನಾವು ಹಲವು ಕಡೆ ನೋಡಿದೆವು. ಕೆಲವರು ಇದನ್ನು ಹೆಮ್ಮೆಯಿಂದ ಬರೆದರು, ಕೆಲವರು ಜನರ ಮೂಢನಂಬಿಕೆಗೆ ಸಾಕ್ಷಿಯಾಗಿ ಬರೆದರು. ಇಬ್ಬರೂ ಕತೆಗಳನ್ನು ಮಾತ್ರ ಓದಿರಲಿಲ್ಲ.

ಕತೆಗಳನ್ನು ಓದಿದರೆ ಖಾತೆ ಹಂಚಿಕೆ ನಿಲ್ಲುವುದೇ ಇಲ್ಲ. ಸಿಂಹದ ಮುಖದ ಸೆಖ್ಮೆತ್ ರೋಗ ಗುಣಪಡಿಸುವವಳು ಹೌದು, ಆದರೆ ಅದಕ್ಕೂ ಮೊದಲು ರೋಗ ಕಳುಹಿಸುವವಳು. ಅವಳ ಪೂಜಾರಿಗಳೇ ವೈದ್ಯರೂ ಆಗಿದ್ದರು. ಅವಳ ಸಿಟ್ಟನ್ನು ಇಳಿಸಲು ಬಲ್ಲವರಿಗೆ ಜ್ವರ ಇಳಿಸುವುದೂ ಗೊತ್ತಿರುತ್ತದೆ ಎಂಬುದು ಜನರ ಲೆಕ್ಕ. ಹೋಮರನ ಇಲಿಯಡ್ ಕಾವ್ಯದ ಆರಂಭದಲ್ಲಿ ಅಪೊಲೊ ಒಂಬತ್ತು ದಿನ ಗ್ರೀಕರ ಪಾಳೆಯದ ಮೇಲೆ ಪಿಡುಗಿನ ಬಾಣ ಬಿಡುತ್ತಾನೆ. ಗ್ರೀಕ್ ವೈದ್ಯರು ಪ್ರಮಾಣ ಮಾಡುವಾಗ ಮೊದಲು ಎತ್ತುವ ಹೆಸರೂ ಅವನದೇ. ಉತ್ತರ ಭಾರತದ ಶೀತಲಾ ಎಂದರೆ ತಂಪಿನವಳು. ಮೈಯೆಲ್ಲ ಸುಡುವ ಸಿಡುಬಿನ ಒಡತಿಗೆ ಇಟ್ಟ ಹೆಸರು ಅದು. ನಮ್ಮಲ್ಲಿ 'ಅಮ್ಮ ಬಂದಿದ್ದಾಳೆ' ಎನ್ನುತ್ತಾರೆ. ದಖನಿ ಮಾತನಾಡುವ ನಮ್ಮ ಮನೆಗಳಲ್ಲೂ 'ಮಾತಾ ನಿಕ್ಲೀ' ಎಂದೇ ಹೇಳುತ್ತಿದ್ದರು, ಬೇವಿನ ಸೊಪ್ಪಿನ ಮೇಲೆ ಮಗುವನ್ನು ಮಲಗಿಸುತ್ತಿದ್ದರು. ಐದು ಹೊತ್ತು ನಮಾಜು ಮಾಡುವ ಅಜ್ಜಿಯರು ಆ ಹೆಸರನ್ನು ಗಟ್ಟಿಯಾಗಿ ಎತ್ತಲು ಹೆದರುತ್ತಿದ್ದುದನ್ನು ನಾವು ಕಂಡಿದ್ದೇವೆ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ವರದಿಯಾದದ್ದು 1975ರಲ್ಲಿ, ಜಗತ್ತಿನಿಂದಲೇ ಅದು ತೊಲಗಿತೆಂದು ಘೋಷಣೆಯಾದದ್ದು 1980ರಲ್ಲಿ. ಹೆದರಿಕೆ ಅದಕ್ಕಿಂತ ನಿಧಾನವಾಗಿ ಮನೆಗಳಿಂದ ಹೊರಟಿತು.

ಇವೆಲ್ಲವನ್ನೂ ಒಂದು ಲೇಖನದಲ್ಲಿ ತುಂಬುವ ಆಸೆ ನಮಗಿಲ್ಲ. ಒಬ್ಬನೇ ದೇವತೆಯ ಕತೆಯನ್ನು, ಅವನ ದೇವಾಲಯದಲ್ಲಿ ಕಲ್ಲಿನ ಮೇಲೆ ಕೆತ್ತಿಸಿದ ಕತೆಗಳನ್ನು, ಕತೆ ಬರೆಯುವವನೊಬ್ಬ ಓದುವ ಹಾಗೆ ಓದಿ ನೋಡಬೇಕೆನಿಸಿದೆ. ಆ ದೇವತೆ ಅಸ್ಕ್ಲೀಪಿಯಸ್. ಹಾವು ಸುತ್ತಿದ ಅವನ ಕೋಲನ್ನು ಎಲ್ಲರೂ ಕಂಡಿರುತ್ತಾರೆ. (ಆ ಕೋಲಿಗೆ ಹಾವು ಒಂದೇ. ಎರಡು ಹಾವು, ರೆಕ್ಕೆಗಳಿರುವ ಕೋಲು ಹರ್ಮಿಸ್ ಎಂಬ ಬೇರೊಬ್ಬ ದೇವತೆಯದು. ಅವನು ವ್ಯಾಪಾರಿಗಳನ್ನು ಕಾಯುವವನು, ಸತ್ತವರನ್ನು ಪಾತಾಳಕ್ಕೆ ದಾಟಿಸುವವನು. ನಮ್ಮ ಊರಿನ ನರ್ಸಿಂಗ್ ಹೋಮುಗಳ ಬೋರ್ಡಿನಲ್ಲಿ ಇವರಿಬ್ಬರಲ್ಲಿ ಯಾರ ಕೋಲಿದೆ ಎಂದು ಓದುಗರು ಒಮ್ಮೆ ನೋಡಿಕೊಳ್ಳಬಹುದು.)

ಒಬ್ಬ ಮುಸ್ಲಿಂ ಲೇಖಕನಿಗೆ ಗ್ರೀಕರ ದೇವತೆಯ ಉಸಾಬರಿ ಯಾಕೆ ಎಂದು ಕೇಳುವವರು ಇದ್ದಾರೆ, ನಮ್ಮವರಲ್ಲೇ ಇದ್ದಾರೆ. ಉರ್ದು ಶಾಲೆಯಲ್ಲಿ ಓದಿದವರಿಗೆ ಅಸ್ಕ್ಲೀಪಿಯಸ್ ದೂರದವನಲ್ಲ. ನಮ್ಮ ಹಕೀಮರ ವೈದ್ಯಕ್ಕೆ ಯುನಾನಿ ಎಂದು ಹೆಸರು. ಯುನಾನ್ ಎಂದರೆ ಗ್ರೀಸ್. ನುಸ್ಖಾ ಬರೆಯುವ ಮೊದಲು ಚೀಟಿಯ ತಲೆಯಲ್ಲಿ 'ಹುವಷ್ಷಾಫಿ', ಅಂದರೆ ಗುಣಪಡಿಸುವವನು ಅವನೇ, ಎಂದು ಬರೆಯುತ್ತಿದ್ದ ಹಕೀಮರು ಅದರ ಕೆಳಗೆ ಬರೆಯುತ್ತಿದ್ದ ಮದ್ದಿನ ಲೆಕ್ಕಾಚಾರದಲ್ಲಿ ಬುಖ್ರಾತ್ ಮತ್ತು ಜಾಲಿನೂಸ್ ಇದ್ದರು. ಇವರೇ ಹಿಪಾಕ್ರಟಿಸ್ ಮತ್ತು ಗೇಲನ್. ಈ ಗೇಲನ್ ಹುಟ್ಟಿದ ಪೆರ್ಗಮನ್ ಊರಿನಲ್ಲೇ ಅಸ್ಕ್ಲೀಪಿಯಸ್ಸನ ದೊಡ್ಡ ದೇವಾಲಯವಿತ್ತು. ಮಗನಿಗೆ ವೈದ್ಯ ಕಲಿಸೆಂದು ಅಪ್ಪನಿಗೆ ಕನಸು ಬಿದ್ದಿತ್ತಂತೆ. ಗೇಲನ್ ತಾನೇ ಹೇಳಿಕೊಂಡಿದ್ದಾನೆ.

ಹಿಪಾಕ್ರಟಿಸ್‌ನ ಹೆಸರಿನಲ್ಲಿರುವ ವೈದ್ಯರ ಪ್ರಮಾಣವಚನ ಅರಬ್ಬಿಗೆ ಬಂದ ಬಗೆ ಅನುವಾದ ಮಾಡುವ ಎಲ್ಲರೂ ತಿಳಿದಿರಬೇಕಾದದ್ದು. ಗ್ರೀಕ್ ಪಾಠದಲ್ಲಿ ವೈದ್ಯ ಅಪೊಲೊ, ಅಸ್ಕ್ಲೀಪಿಯಸ್, ಅವನ ಮಕ್ಕಳಾದ ಹೈಜಿಯಾ ಮತ್ತು ಪ್ಯಾನೇಸಿಯಾ, ಆಮೇಲೆ ಎಲ್ಲ ದೇವದೇವಿಯರ ಮೇಲೆ ಆಣೆ. 13ನೇ ಶತಮಾನದಲ್ಲಿ ವೈದ್ಯರ ಚರಿತ್ರೆ ಬರೆದ ಇಬ್ನ್ ಅಬೀ ಉಸೈಬಿಯಾ ಕೊಡುವ ಅರಬ್ಬಿ ಪಾಠದಲ್ಲಿ ಆಣೆ ಮೊದಲು ಜೀವ ಮತ್ತು ಸಾವಿನ ಒಡೆಯನಾದ ಅಲ್ಲಾಹನ ಮೇಲೆ. ಹಾಗಾದರೆ ಅಸ್ಕ್ಲೀಪಿಯಸ್ಸನನ್ನು ಹೊಡೆದು ಹಾಕಿದರೇ? ಇಲ್ಲ. ಅವನ ಹೆಸರು ಹಾಗೇ ಉಳಿದಿದೆ. ದೇವದೇವಿಯರು ಮಾತ್ರ ಔಲಿಯಾಗಳಾಗಿದ್ದಾರೆ, ಅದೂ ಗಂಡಸರು ಹೆಂಗಸರು ಇಬ್ಬರೂ ಸೇರಿದ ಔಲಿಯಾಗಳು! ನಂಬಿಕೆ ಬಿಡದೆ, ಬೇರೆಯವರ ಪಠ್ಯವನ್ನೂ ಸುಡದೆ, ನಡುವೆ ಒಂದು ಕಾಲುದಾರಿ ಹುಡುಕಿಕೊಂಡ ಆ ಹಿರಿಯರ ಬಗ್ಗೆ ನಮಗೆ ಗೌರವವಿದೆ. ಇಬ್ನ್ ಅಬೀ ಉಸೈಬಿಯಾ ತನ್ನ ಗ್ರಂಥದ ಆರಂಭದಲ್ಲೇ ಅಸ್ಕ್ಲೀಪಿಯಸ್ಸನನ್ನು ಮೊದಲ ವೈದ್ಯನೆಂದು ಕರೆದು ಅವನ ಕತೆ ಹೇಳುತ್ತಾನೆ. ಅವನಿಗಿಲ್ಲದ ಮಡಿ ನಮಗೇಕೆ?

ಈಗ ಕತೆಗೆ ಬರೋಣ. ಪಿಂಡಾರ್ ಎಂಬ ಕವಿ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ, ಕಾಯಿಲೆಯಲ್ಲಿದ್ದ ಸಿರಾಕ್ಯೂಸ್‌ನ ದೊರೆ ಹಿಯರಾನ್‌ನಿಗಾಗಿ ಬರೆದ ಹಾಡಿನಲ್ಲಿ ಇದು ಬರುತ್ತದೆ. ಕೊರೊನಿಸ್ ಎಂಬ ಹೆಣ್ಣು ಅಪೊಲೊನಿಂದ ಗರ್ಭಿಣಿಯಾಗಿರುತ್ತಾಳೆ. ಆ ಹೊತ್ತಿನಲ್ಲೇ ಪರ ಊರಿನಿಂದ ಬಂದ ಒಬ್ಬ ಮನುಷ್ಯನನ್ನು ಮೆಚ್ಚುತ್ತಾಳೆ. ಅಪೊಲೊ ಸಿಟ್ಟಾಗಿ ತಂಗಿ ಆರ್ಟೆಮಿಸ್‌ಳನ್ನು ಕಳುಹಿಸುತ್ತಾನೆ, ಕೊರೊನಿಸ್ ಸಾಯುತ್ತಾಳೆ, ಅವಳ ಜೊತೆಗೆ ಏನೂ ಅರಿಯದ ನೆರೆಹೊರೆಯವರೂ ಸಾಯುತ್ತಾರೆ. ಹೆಣವನ್ನು ಚಿತೆಯ ಮೇಲಿಟ್ಟು ಬೆಂಕಿ ಹಚ್ಚಿದಾಗ ಅಪೊಲೊನಿಗೆ ತಡೆಯಲಾಗುವುದಿಲ್ಲ. ಉರಿಯೊಳಗೆ ಕಾಲಿಟ್ಟು ತಾಯ ಹೊಟ್ಟೆಯಿಂದ ಮಗುವನ್ನು ಕಿತ್ತು ತೆಗೆಯುತ್ತಾನೆ. ತಾಯಿಯನ್ನು ಉಳಿಸುವುದಿಲ್ಲ. ಆ ಮಗುವೇ ಅಸ್ಕ್ಲೀಪಿಯಸ್. ಅರ್ಧ ಕುದುರೆ ಅರ್ಧ ಮನುಷ್ಯನಾದ ಕೈರಾನ್ ಅವನಿಗೆ ವೈದ್ಯ ಕಲಿಸುತ್ತಾನೆ. ಕಲಿತ ವಿದ್ಯೆ ಎಲ್ಲಿಗೆ ಮುಟ್ಟುತ್ತದೆಂದರೆ, ಒಂದು ದಿನ ಸತ್ತವನೊಬ್ಬನನ್ನು ಅವನು ಎಬ್ಬಿಸಿಬಿಡುತ್ತಾನೆ. ಜ್ಯೂಸ್ ಸಿಡಿಲು ಬಡಿದು ಇಬ್ಬರನ್ನೂ ಕೊಲ್ಲುತ್ತಾನೆ.

ಸಿಡಿಲು ಯಾಕೆ ಬಡಿಯಿತು? ಪಿಂಡಾರ್ ಒಂದು ಕಾರಣ ಕೊಡುತ್ತಾನೆ: ಚಿನ್ನ. ಕೈಯಲ್ಲಿ ಚಿನ್ನ ಕಂಡು ವೈದ್ಯ ಮಿತಿ ದಾಟಿದ. ಪ್ಲೇಟೊಗೆ ಇದು ಸಹಿಸಲಿಲ್ಲ. 'ರಿಪಬ್ಲಿಕ್' ಗ್ರಂಥದಲ್ಲಿ ಅವನದು ಬಿಗಿಯಾದ ವಾದ: ದೇವರ ಮಗನಾದರೆ ದುರಾಸೆ ಇರಲಾರದು, ದುರಾಸೆ ಇದ್ದರೆ ದೇವರ ಮಗನಾಗಲಾರ. ತರ್ಕ ಸರಿಯಾಗಿಯೇ ಇದೆ. ಆದರೆ ಅದೇ ಅಧ್ಯಾಯದಲ್ಲಿ ಕೆಲವು ಪುಟ ಹಿಂದೆ ಪ್ಲೇಟೊ ತನ್ನದೇ ಒಬ್ಬ ಅಸ್ಕ್ಲೀಪಿಯಸ್ಸನನ್ನು ಕಟ್ಟಿರುತ್ತಾನೆ. ಅವನು ಗಟ್ಟಿ ಮೈಯವರಿಗೆ ಬಂದ ಕಾಯಿಲೆಗಷ್ಟೇ ಮದ್ದು ಕೊಡುವವನು. ಒಳಗೆಲ್ಲ ರೋಗ ತುಂಬಿದವರನ್ನು ಮುಟ್ಟುವುದಿಲ್ಲ. ಅವರು ಬದುಕಿ ಅವರಿಗೂ ಲಾಭವಿಲ್ಲ, ಊರಿಗೂ ಲಾಭವಿಲ್ಲ ಎಂಬುದು ಕಾರಣ. ದೇವತೆಯ ಕೈಯಿಂದ ಚಿನ್ನ ಕಸಿದುಕೊಂಡ ತತ್ವಜ್ಞಾನಿ ಬಾಗಿಲಲ್ಲಿ ನಿಂತ ಹಳೆಯ ರೋಗಿಯನ್ನೂ ಹೊರಗಟ್ಟಿದ. ನಮಗೆ ಪಿಂಡಾರನ ದುರಾಸೆಯ ವೈದ್ಯನೇ ವಾಸಿ ಎನಿಸುತ್ತದೆ. ಅವನು ಹಣಕ್ಕಾದರೂ ಸತ್ತವನ ಕೈ ಹಿಡಿದ.

ಈ ದೇವತೆಯ ಮುಖ್ಯ ಕ್ಷೇತ್ರ ದಕ್ಷಿಣ ಗ್ರೀಸಿನ ಎಪಿಡಾರಸ್. ಅಲ್ಲಿ ದೇವಾಲಯವಿತ್ತು, ಸ್ನಾನಗೃಹಗಳಿದ್ದವು, ಓಟದ ಬಯಲಿತ್ತು. ಅಲ್ಲಿನ ಕಲ್ಲಿನ ರಂಗಮಂದಿರ ಇಂದಿಗೂ ನಿಂತಿದೆ. ರೋಗಿಗಳು ಬಂದು, ಮಿಂದು, ಕಾಣಿಕೆ ಕೊಟ್ಟು, ಅಬಟಾನ್ ಎಂಬ ಉದ್ದನೆಯ ಪಡಸಾಲೆಯಲ್ಲಿ ರಾತ್ರಿ ಮಲಗುತ್ತಿದ್ದರು. ಕನಸಿನಲ್ಲಿ ದೇವತೆ ಬಂದು ಮುಟ್ಟುತ್ತಾನೆ, ಕುಯ್ಯುತ್ತಾನೆ, ಮದ್ದು ಹಚ್ಚುತ್ತಾನೆ. ಕೆಲವೊಮ್ಮೆ ಅವನ ಹಾವೋ ನಾಯಿಯೋ ಬಂದು ನೆಕ್ಕುತ್ತದೆ. ಬೆಳಗಾದಾಗ ರೋಗಿ ಗುಣವಾಗಿ ಎದ್ದು ಹೋಗುತ್ತಾನೆ. ಹೀಗೆ ಗುಣವಾದವರ ಕತೆಗಳನ್ನು ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ದೊಡ್ಡ ಕಲ್ಲುಗಳ ಮೇಲೆ ಕೆತ್ತಿ ನಿಲ್ಲಿಸಿದ್ದರು. ಕ್ರಿಸ್ತಶಕ 2ನೇ ಶತಮಾನದ ಪ್ರವಾಸಿ ಪಾಸೇನಿಯಸ್ ಹೋಗುವ ಹೊತ್ತಿಗೆ ಆರು ಕಲ್ಲುಗಳು ಉಳಿದಿದ್ದವು. 1880ರ ದಶಕದ ಉತ್ಖನನದಲ್ಲಿ ಅವುಗಳಲ್ಲಿ ಎರಡು ಹೆಚ್ಚುಕಡಿಮೆ ಪೂರ್ತಿಯಾಗಿಯೂ ಇನ್ನಷ್ಟು ಚೂರುಗಳಾಗಿಯೂ ಸಿಕ್ಕವು. ಒಟ್ಟು ಎಪ್ಪತ್ತರಷ್ಟು ಕತೆಗಳು.

ಸಣ್ಣಕತೆ ಬರೆಯುವವರು ಇವನ್ನು ಓದಲೇಬೇಕು. ಒಂದೊಂದೂ ನಾಲ್ಕೈದು ವಾಕ್ಯ, ಹೆಚ್ಚೆಂದರೆ ಹತ್ತು. ಹೆಸರು, ಊರು, ಕಾಯಿಲೆ, ಕನಸು, ಬೆಳಗು. ಈ ಚೌಕಟ್ಟಿನೊಳಗೆ ಬರೆದವರು ಯಾರೋ ಏನೆಲ್ಲ ತುಂಬಿದ್ದಾರೆ! ಯೂಫೇನಿಸ್ ಎಂಬ ಹುಡುಗನಿಗೆ ಮೂತ್ರಕೋಶದಲ್ಲಿ ಕಲ್ಲು. ಕನಸಿನಲ್ಲಿ ದೇವತೆ ಬಂದು, ಗುಣ ಮಾಡಿದರೆ ನನಗೆ ಏನು ಕೊಡುತ್ತೀ ಎಂದು ಕೇಳುತ್ತಾನೆ. ಹುಡುಗ ತನ್ನ ಹತ್ತು ಆಟದ ಕಾಯಿಗಳನ್ನು ಕೊಡುತ್ತೇನೆ ಎನ್ನುತ್ತಾನೆ. ಅವು ಕುರಿಯ ಗೆಣ್ಣಿನ ಎಲುಬಿನ ಕಾಯಿಗಳು. ದೇವತೆ ನಗುತ್ತಾನೆ, ಆಯಿತು ಎನ್ನುತ್ತಾನೆ. ಬೆಳಿಗ್ಗೆ ಹುಡುಗ ಗುಣವಾಗಿ ಹೊರಬರುತ್ತಾನೆ. ಪಿಂಡಾರ್ ಹೇಳಿದ ಚಿನ್ನಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಪ್ಲೇಟೊ ಕೊಡಲಿಲ್ಲ. ಇನ್ನೊಂದರಲ್ಲಿ ರೋಗವೇ ಇಲ್ಲ. ಹೊರೆ ಹೊತ್ತು ಬರುತ್ತಿದ್ದ ಆಳೊಬ್ಬ ದೇವಾಲಯದ ದಾರಿಯಲ್ಲಿ ಜಾರಿ ಬೀಳುತ್ತಾನೆ. ಚೀಲ ಬಿಚ್ಚಿದರೆ ಅವನ ಧಣಿ ದಿನವೂ ಕುಡಿಯುವ ಬಟ್ಟಲು ಒಡೆದಿದೆ. ಕೂತು ಚೂರುಗಳನ್ನು ಜೋಡಿಸಲು ನೋಡುತ್ತಾನೆ. ದಾರಿಹೋಕನೊಬ್ಬ, ಇದನ್ನು ಅಸ್ಕ್ಲೀಪಿಯಸ್ ಕೂಡ ಸರಿಮಾಡಲಾರ ಎಂದು ಹಾಸ್ಯ ಮಾಡುತ್ತಾನೆ. ಆಳು ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ದೇವಾಲಯಕ್ಕೆ ಹೋಗಿ ಬಿಚ್ಚಿದರೆ ಬಟ್ಟಲು ಇಡಿಯಾಗಿದೆ. ಧಣಿಯ ಹೊಡೆತಕ್ಕೆ ಹೆದರಿದವನ ನಡುಕವನ್ನೂ ಒಂದು ಕಾಯಿಲೆ ಎಂದು ಎಣಿಸಿ ಉಳಿದವರ ಸಾಲಿನಲ್ಲೇ ಕೆತ್ತಿಸಿದವನು ಯಾರೇ ಇರಲಿ, ಕತೆಗಾರನೇ ಸರಿ.

ಅಥೆನ್ಸಿನ ಆಂಬ್ರೋಸಿಯಾಳದು ಬೇರೆ ರುಚಿ. ಒಂದು ಕಣ್ಣಿಲ್ಲದ ಈಕೆ ಅಲ್ಲಿನ ಕತೆಗಳನ್ನು ಓದಿ, ಬರಿಯ ಕನಸು ಕಂಡು ಕುಂಟರು ಕುರುಡರು ಗುಣವಾಗುತ್ತಾರೆಯೇ ಎಂದು ನಗುತ್ತಾಳೆ. ಆದರೂ ಮಲಗುತ್ತಾಳೆ. ಗುಣ ಮಾಡುತ್ತೇನೆ, ನಿನ್ನ ಅಜ್ಞಾನದ ನೆನಪಿಗೆ ಒಂದು ಬೆಳ್ಳಿಯ ಹಂದಿ ಮಾಡಿಸಿ ಒಪ್ಪಿಸು ಎಂದು ದೇವತೆ ಹೇಳುತ್ತಾನೆ. ನಂಬದವರಿಗೂ ಇಲ್ಲಿ ಮದ್ದು ಸಿಗುತ್ತದೆ, ಜುಲ್ಮಾನೆ ಬೆಳ್ಳಿಯದಾದರೂ. ನಮ್ಮ ಕಡೆ ದೇವಾಲಯಗಳಲ್ಲಿ, ಚರ್ಚುಗಳಲ್ಲಿ ಬೆಳ್ಳಿಯ ಕಣ್ಣು, ಕೈ, ಕಾಲು ಒಪ್ಪಿಸುವುದನ್ನು ಕಂಡವರಿಗೆ ಈ ಲೋಕ ಹೊಸದೇನಲ್ಲ.

ಇಷ್ಟು ಮೆಚ್ಚಿದ ಮೇಲೆ ನಮಗೆ ಅಡ್ಡ ಬರುವುದು ಮೊದಲ ಕಲ್ಲಿನ ಮೊದಲ ಎರಡು ಕತೆಗಳು. ಎರಡೂ ಹೆಂಗಸರವು. ಕ್ಲಿಯೊ ಎಂಬಾಕೆ ಐದು ವರ್ಷದಿಂದ ಬಸುರಿ, ಹೆರಿಗೆಯಾಗಿಲ್ಲ. ಬಂದು ಪಡಸಾಲೆಯಲ್ಲಿ ಮಲಗುತ್ತಾಳೆ. ಬೆಳಿಗ್ಗೆ ಎದ್ದು ಕ್ಷೇತ್ರದ ಎಲ್ಲೆ ದಾಟುತ್ತಿದ್ದಂತೆ ಗಂಡುಮಗು ಹುಟ್ಟುತ್ತದೆ. ಎರಡನೆಯವಳು ಇತ್‌ಮೊನಿಕಾ. ಹೆಣ್ಣುಮಗುವಿಗೆ ಬಸುರಾಗಬೇಕೆಂದು ಬೇಡಿಕೊಂಡಿದ್ದಳು. ಹೆರಿಗೆಯನ್ನೂ ಬೇಡಿಕೊಳ್ಳಲು ಮರೆತಿದ್ದಳು. ಮೂರು ವರ್ಷ ಹೊಟ್ಟೆ ಹೊತ್ತು ಮತ್ತೆ ಬರುತ್ತಾಳೆ. ದೇವತೆ ಈಗ ಹೆರಿಗೆಯ ವರವನ್ನೂ ಕೊಡುತ್ತಾನೆ. ಆಕೆ ಅವಸರ ಅವಸರವಾಗಿ ಪಡಸಾಲೆ ಬಿಟ್ಟು, ಕ್ಷೇತ್ರದ ಹೊರಗೆ ಬಂದು ಹೆಣ್ಣುಮಗು ಹೆರುತ್ತಾಳೆ.

ಮೊದಲ ಸಲ ಓದುವಾಗ ಬೇಡಿಕೆಯಲ್ಲಿ ಪದ ಮರೆತ ತಮಾಷೆಗೆ ನಕ್ಕು ಮುಂದೆ ಹೋಗುತ್ತೇವೆ. ಎರಡನೆಯ ಸಲ ಓದಿದಾಗ ಆ ಅವಸರ ಕಾಣುತ್ತದೆ. ನೋವು ಬಂದ ಹೆಂಗಸು ಯಾಕೆ ಓಡಬೇಕು? ಎರಡು ಕತೆಗಳಲ್ಲೂ ಮಗು ಎಲ್ಲೆಯ ಆಚೆಗೇ ಯಾಕೆ ಹುಟ್ಟಬೇಕು? ಉತ್ತರವನ್ನು ಪಾಸೇನಿಯಸ್ ಬೇರೆ ಕಡೆ ಹೇಳುತ್ತಾನೆ. ಆ ಕ್ಷೇತ್ರದ ಎಲ್ಲೆಯೊಳಗೆ ಯಾರೂ ಸಾಯಬಾರದು, ಯಾರೂ ಹೆರಬಾರದು ಎಂದು ಕಟ್ಟಳೆ. ಗ್ರೀಕರಿಗೆ ಹುಟ್ಟು, ಸಾವು ಎರಡೂ ಮೈಲಿಗೆ. ಡೀಲೋಸ್ ದ್ವೀಪದಲ್ಲೂ ಇದೇ ನಿಯಮವಿತ್ತು ಎಂದು ಅವನೇ ಸೇರಿಸುತ್ತಾನೆ. ಪುರುಡು, ಸೂತಕ ಎಂಬ ಮಾತುಗಳನ್ನು ಕೇಳಿ ಬೆಳೆದ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ದೇವತೆಗಳಿಗೂ ಇದ್ದ ಮಡಿ ಇವನೊಬ್ಬನಿಗೆ ಯಾಕೆ ಇರಬಾರದು ಎಂದು ಕೇಳಬಹುದು. ಇವನು ವೈದ್ಯ ಎಂಬುದಷ್ಟೇ ನಮ್ಮ ಆಕ್ಷೇಪಣೆ. ರೋಗಿಗಳು ಊರೂರಿನಿಂದ ಹೊತ್ತು ತರಿಸಿಕೊಂಡು ಬರುವ ಜಾಗದಲ್ಲಿ ಸಾವು ಬಾರದೆ ಇರುತ್ತದೆಯೇ? ಸಾಯುವ ಹಾಗಿದ್ದವರನ್ನು ಎಲ್ಲೆಯ ಹೊರಗೆ ಬಯಲಿಗೆ ಒಯ್ಯಬೇಕಾಗಿತ್ತು, ಹೆರುವವರೂ ಅದೇ ಬಯಲಿಗೆ. ಆ ಎಪ್ಪತ್ತು ಕತೆಗಳಲ್ಲಿ ಸತ್ತ ರೋಗಿಯ ಕತೆ ಒಂದೂ ಇಲ್ಲ. ಇರುವುದಾದರೂ ಹೇಗೆ? ಕಲ್ಲು ನಿಂತದ್ದು ಎಲ್ಲೆಯ ಒಳಗೆ.

ಈ ನಿಯಮ ಎಷ್ಟು ಕಾಲ ನಡೆಯಿತು ನೋಡಿ. ಕತೆಗಳನ್ನು ಕೆತ್ತಿಸಿ ಸುಮಾರು ಐನೂರು ವರ್ಷಗಳಾದ ಮೇಲೆ, ಪಾಸೇನಿಯಸ್ಸನ ಕಾಲದಲ್ಲಿ, ಆಂಟೊನೈನಸ್ ಎಂಬ ರೋಮನ್ ಸೆನೆಟರ್ ಅಲ್ಲಿ ಸ್ನಾನಗೃಹ, ಗುಡಿ ಇತ್ಯಾದಿ ಕಟ್ಟಿಸಿದ. ಜೊತೆಗೆ, ಹೆಂಗಸರು ಹೆರಲು ಮತ್ತು ರೋಗಿಗಳು ಸಾಯಲು ಅನುಮತಿಯಿದ್ದ ಒಂದು ಮನೆಯನ್ನೂ ಕಟ್ಟಿಸಿದ. ಸೂರಿಲ್ಲದೆ ಸಾಯುವವರ, ಹೆರುವವರ ಕಷ್ಟವನ್ನು ನೋಡಿ ಕಟ್ಟಿಸಿದ್ದು ಎಂದು ಪಾಸೇನಿಯಸ್ ಒಂದೆರಡು ಸಾಲಿನಲ್ಲಿ ಬರೆದು ಮುಂದಕ್ಕೆ ಹೋಗುತ್ತಾನೆ. ಆರೋಗ್ಯ ದೇವತೆಗಳ ಬಗ್ಗೆ ನಾವು ಓದಿದ ಎಲ್ಲದರಲ್ಲೂ ಈ ಸಾಲು ನಮ್ಮನ್ನು ಹಿಡಿದು ನಿಲ್ಲಿಸಿದಷ್ಟು ಬೇರಾವುದೂ ನಿಲ್ಲಿಸಲಿಲ್ಲ. ಪುರಾಣದ ಪುಸ್ತಕಗಳಲ್ಲಿ ಆಂಟೊನೈನಸ್‌ನ ಹೆಸರು ಬರುವುದಿಲ್ಲ.

ಇದೇ ದೇವತೆ ರೋಮ್ ನಗರಕ್ಕೆ ಹೋದಾಗಲೂ ಬಾಗಿಲ ಪ್ರಶ್ನೆ ಬೆನ್ನು ಬಿಡಲಿಲ್ಲ. ಕ್ರಿಸ್ತಪೂರ್ವ 293ರಲ್ಲಿ ರೋಮಿನಲ್ಲಿ ಪಿಡುಗು ಬಂದಾಗ ಎಪಿಡಾರಸ್‌ನಿಂದ ಅವನ ಹಾವನ್ನು ಹಡಗಿನಲ್ಲಿ ತಂದರು, ಟೈಬರ್ ನದಿಯ ನಡುಗಡ್ಡೆಯಲ್ಲಿ ಗುಡಿ ಕಟ್ಟಿದರು. ಮುಂದೆ ಧಣಿಗಳು, ಕಾಯಿಲೆ ಬಿದ್ದ ಗುಲಾಮರನ್ನು ಸಾಕುವುದು ನಷ್ಟವೆಂದು, ಆ ನಡುಗಡ್ಡೆಯಲ್ಲಿ ತಂದು ಬಿಟ್ಟುಹೋಗುವ ರೂಢಿ ಮಾಡಿಕೊಂಡರು. ದೇವರ ಪಾದಕ್ಕೆ ಒಪ್ಪಿಸಿದೆವು ಎಂದರೆ ಮುಗಿಯಿತಲ್ಲ. ಹಾಗೆ ಬಿಟ್ಟುಹೋದವರು ಗುಣವಾದರೆ ಇನ್ನು ಧಣಿಗೆ ಸೇರಿದವರಲ್ಲ, ಸ್ವತಂತ್ರರು ಎಂದು ಕ್ಲಾಡಿಯಸ್ ಚಕ್ರವರ್ತಿ ಆಜ್ಞೆ ಮಾಡಬೇಕಾಯಿತು. ಇಲ್ಲೂ ರೋಗಿಯ ಪರವಾಗಿ ಮಾತನಾಡಿದ್ದು ಗುಡಿಯಲ್ಲ, ಹೊರಗಿನ ಒಬ್ಬ ಮನುಷ್ಯ.

ಗ್ರೀಕರನ್ನೂ ರೋಮನ್ನರನ್ನೂ ಬೈದು ಸುಮ್ಮನಾಗುವುದು ಸುಲಭ. ನಮ್ಮ ಹತ್ತಿರದ್ದನ್ನೂ ಹೇಳಬೇಕು. ತಮಿಳುನಾಡಿನ ಏರ್ವಾಡಿ ದರ್ಗಾಕ್ಕೆ ಮನಸ್ಸು ಕೆಟ್ಟವರನ್ನು ಕರೆತರುವುದು ಬಹಳ ಹಿಂದಿನಿಂದ ಬಂದ ಪದ್ಧತಿ. ಅಲ್ಲಿಯೂ ರೋಗಿ ಕಾಯುವುದು ಕನಸಿಗಾಗಿ. ಕನಸಿನಲ್ಲಿ ಅಪ್ಪಣೆಯಾದರೆ ಮನೆಗೆ ಹೊರಡಬಹುದು. ಅಬಟಾನ್ ಪಡಸಾಲೆಯಲ್ಲಿ ಮಲಗಿದವರಿಗೂ ಇವರಿಗೂ ನಮಗೆ ವ್ಯತ್ಯಾಸ ಕಾಣುವುದಿಲ್ಲ. ಎಲ್ಲ ಮತದವರೂ ಅಲ್ಲಿ ಬರುತ್ತಾರೆ, ಅದು ಸಂತೋಷದ ಸಂಗತಿಯೇ. ಆದರೆ ಎಷ್ಟೋ ಮನೆಯವರು ಬಿಟ್ಟುಹೋದವರು ಮತ್ತೆ ಬರಲಿಲ್ಲ. ಅಂಥವರನ್ನು ಇಟ್ಟುಕೊಳ್ಳಲು ದರ್ಗಾದ ಸುತ್ತ ಖಾಸಗಿ 'ಮನೆ'ಗಳು ಹುಟ್ಟಿಕೊಂಡವು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಕಡೆ ಬೆಂಕಿ ಬಿದ್ದು 28 ಜನ ಸತ್ತರು. ಅವರನ್ನು ಸರಪಳಿಯಲ್ಲಿ ಕಟ್ಟಿಹಾಕಲಾಗಿತ್ತು, ಓಡಲಾಗಲಿಲ್ಲ. ಆಗ ನಮ್ಮ ಉರ್ದು ಗೆಳೆಯರಲ್ಲಿ ಕೆಲವರು, ಇದು ದರ್ಗಾದ ಒಳಗೆ ನಡೆದದ್ದಲ್ಲ, ಹೊರಗೆ ನಡೆದದ್ದು ಎಂದು ವಾದಿಸಿದರು. ಸಂಗತಿ ನಿಜ. ಎಲ್ಲೆಯ ಹೊರಗೇ ನಡೆದದ್ದು.

ಇನ್ನೊಂದು ವಿಷಯ ಉಳಿದಿದೆ, ಅದು ಕತೆಗಾರರಿಗೆ ಸಂಬಂಧಿಸಿದ್ದು. ಪಿಂಡಾರ್ ಹೇಳುವ ಚಿತೆಯ ಕತೆ ಎಪಿಡಾರಸ್‌ನ ಜನರಿಗೆ ಒಪ್ಪಿಗೆಯಾಗಲಿಲ್ಲ. ಅವರು ತಮ್ಮದೇ ಒಂದನ್ನು ಹೇಳುತ್ತಿದ್ದರು, ಪಾಸೇನಿಯಸ್ ಅದನ್ನೂ ಕೇಳಿ ಬರೆದಿದ್ದಾನೆ. ಅದರಲ್ಲಿ ಕೊರೊನಿಸ್ ಅಪ್ಪನ ಜೊತೆ ಎಪಿಡಾರಸ್ ಸೀಮೆಗೆ ಬಂದಿರುತ್ತಾಳೆ. ಬಸುರಿಯಾದುದನ್ನು ಅಪ್ಪನಿಂದ ಮುಚ್ಚಿಟ್ಟು, ಅಲ್ಲೇ ಮಗು ಹೆತ್ತು, ಬೆಟ್ಟದಲ್ಲಿ ಬಿಟ್ಟುಹೋಗುತ್ತಾಳೆ. ಮೇಯುತ್ತಿದ್ದ ಆಡೊಂದು ಹಾಲು ಕೊಡುತ್ತದೆ, ಮಂದೆಯ ನಾಯಿ ಕಾವಲಿರುತ್ತದೆ. ಹುಡುಕಿಕೊಂಡು ಬಂದ ಕುರುಬನಿಗೆ ಮಗುವಿನಿಂದ ಮಿಂಚು ಹೊಮ್ಮಿದ್ದು ಕಂಡು, ಇದು ದೇವರ ಮಹಿಮೆಯೆಂದು ಹಿಂದಿರುಗುತ್ತಾನೆ. ಚೆಂದದ ಕತೆ. ಆಡು, ನಾಯಿ, ಮಿಂಚು ಎಲ್ಲ ಇದೆ. ಬಾಣವಿಲ್ಲ, ಚಿತೆಯಿಲ್ಲ, ಸತ್ತ ತಾಯಿಯ ಹೊಟ್ಟೆ ಬಗೆದದ್ದಿಲ್ಲ. ಹೆರಿಗೆಗೆ ಮುಂಚೆಯೇ ಸತ್ತ ಹೆಂಗಸಿನ ಮಗ ಈ ವೈದ್ಯ ಎಂದು ಹೇಳಿಕೊಂಡು, ಹೆರುವವಳನ್ನೂ ಸಾಯುವವಳನ್ನೂ ಅವನದೇ ಅಂಗಳದಿಂದ ಹೊರಗೆ ಕಳುಹಿಸುವುದು ಪೂಜಾರಿಗಳಿಗೆ ಕಷ್ಟವಾಗುತ್ತಿತ್ತೇನೋ. ಅವರ ಮನಸ್ಸಿನಲ್ಲಿ ಇದ್ದದ್ದು ಏನೆಂದು ನಾವು ಹೇಳಲಾರೆವು. ಆದರೆ ಕ್ಷೇತ್ರದ ಕಟ್ಟಳೆಗೂ ಕ್ಷೇತ್ರದ ಕತೆಗೂ ಇಷ್ಟು ಚೆನ್ನಾಗಿ ಹೊಂದಿಕೆಯಾಗಿರುವುದನ್ನು ನೋಡಿದರೆ ನಮಗೆ ಅನುಮಾನ ಬರುತ್ತದೆ.

ಈ ಅನುಮಾನ ನಮಗೆ ಬರಲು ಕಾರಣ ವಿದ್ವತ್ತಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಅಮ್ಮೀ ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯಲ್ಲಿ ಹದಿನಾರು ದಿನ ಇದ್ದರು. ಹದಿನೇಳನೆಯ ರಾತ್ರಿ ಒಬ್ಬರು ಬಂದು, ಇನ್ನು ನಮ್ಮ ಕೈಯಲ್ಲಿ ಏನಿಲ್ಲ, ಮನೆಗೆ ಕರಕೊಂಡು ಹೋಗಿಬಿಡಿ, ಇಲ್ಲಿ ಆದರೆ ನಿಮಗೇ ತೊಂದರೆ ಎಂದರು. ಇಲ್ಲಿ ಏನು ಆದರೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಬಿಲ್ಲು ಕಟ್ಟಿಸಿಕೊಂಡು ನಳಿಗೆಗಳನ್ನು ತೆಗೆದರು. ಆಂಬುಲೆನ್ಸ್ ಇಲ್ಲ ಎಂದರು. ಆಪಾ ಮತ್ತು ನಾವು ಅಮ್ಮೀಯನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟೆವು. ರೈಲ್ವೆ ಗೇಟು ಹಾಕಿತ್ತು. ಗೇಟು ತೆಗೆಯುವ ಮೊದಲೇ ಅಮ್ಮೀ ಆಪಾರ ತೊಡೆಯ ಮೇಲೆ ಹೋದರು.

ಮರುವರ್ಷ ನಾವು ಅದನ್ನು ಕತೆ ಮಾಡಿದೆವು. ಕತೆಯಲ್ಲಿ ತಾಯಿ ಆಸ್ಪತ್ರೆಯ ಮಂಚದ ಮೇಲೆ ಸಾಯುತ್ತಾಳೆ. ಕಿಟಕಿಯಲ್ಲಿ ಬೆಳಗಾಗುತ್ತಿರುತ್ತದೆ, ಕೇರಳದ ನರ್ಸ್ ಒಬ್ಬಳು ಕೈ ಹಿಡಿದಿರುತ್ತಾಳೆ, ಮಗ ಕಿವಿಯಲ್ಲಿ ಕಲಿಮಾ ಹೇಳುತ್ತಾನೆ. ಕೋಮು ಸಾಮರಸ್ಯದ ಕತೆಯೆಂದು ಓದಿದವರು ಹೊಗಳಿದರು. ನಮಗೂ ಹೊಗಳಿಕೆ ಹಿತವಾಗಿತ್ತು. ಆಪಾರಿಗೆ ಕನ್ನಡ ಓದಲು ಬಾರದು, ಅವರು ಕಲಿತದ್ದು ಉರ್ದು. ಅವರ ಮಗಳು ಕತೆಯನ್ನು ಓದಿ ಹೇಳಿದಳು. ಪೂರ್ತಿ ಕೇಳಿದ ಮೇಲೆ ಆಪಾ, 'ಇದು ಯಾರ ಅಮ್ಮೀಯದು ಭಾಯ್? ನಮ್ಮ ಅಮ್ಮೀ ಆಟೋದಲ್ಲಿ ಹೋದರಲ್ಲ' ಎಂದರು. ಕತೆಗೆ ಹಾಗೆ ಬೇಕಿತ್ತು, ಕಲೆಗೆ ಒಂದು ಸಂಯಮವಿರುತ್ತದೆ ಎಂದು ನಾವು ಏನೇನೋ ಹೇಳಿದೆವು.

ಎಪಿಡಾರಸ್‌ನ ಕತೆಗಳನ್ನು ಓದುವಾಗ ಆ ಸಂಯಮದ ಮಾತು ನೆನಪಾಗಿ ಮುಖ ಬಿಸಿಯಾಯಿತು. ಆಡು, ನಾಯಿ, ಮಿಂಚಿನ ಜಾಗದಲ್ಲಿ ನಾವು ಕಿಟಕಿ, ಬೆಳಗು, ನರ್ಸ್ ಇಟ್ಟಿದ್ದೆವು. ಈ ಲೇಖನ ಬರೆಯಲು ಕೂತಾಗ ಆಪಾರಿಗೆ ಫೋನು ಮಾಡಿ ಆ ರಾತ್ರಿಯನ್ನು ಮತ್ತೆ ಕೇಳಿದೆವು. ಗೇಟಿನ ಹತ್ತಿರ ಎಷ್ಟು ಹೊತ್ತು ನಿಂತಿದ್ದೆವು, ಯಾವ ರೈಲು, ಎಲ್ಲ ಅವರಿಗೆ ನೆನಪಿದೆ. ಆಟೋದವನು ಇಂಜಿನ್ ಆರಿಸಿ, ಇಳಿದು, ತನ್ನ ಟವಲನ್ನು ಅಮ್ಮೀಯ ತಲೆಯಡಿಗೆ ಕೊಟ್ಟಿದ್ದನಂತೆ. ಮನೆ ಮುಟ್ಟಿದ ಮೇಲೆ ಬಾಡಿಗೆ ಬೇಡವೆಂದು ಹೋದನಂತೆ. ಟವಲು ಈಗಲೂ ಆಪಾರ ಹತ್ತಿರ ಇದೆ. ಅದನ್ನು ನಾವು ಮರೆತೇಬಿಟ್ಟಿದ್ದೆವು.